94ರಲ್ಲೇ ನಿಂತ ಇಂಟರ್‌ನೆಟ್

ಪ್ರಶ್ನೆ: ನಮ್ಮದು ಮಂಡ್ಯದ ಸುಭಾಷ್ ನಗರದಲ್ಲಿ ಹಳೇ ಮನೆ. ಮೇಲೆ ಹೋದ ವರ್ಷ ಒಂದು ರೂಮು ಕಟ್ಟಿಸಿದೆವು. ಮಗ ಅಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ. ಅವನಿಗೋಸ್ಕರ 300 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ಅವರು ಕೊಟ್ಟ ಡಬ್ಬ ಹಾಲ್‌ನ ಶೋಕೇಸಿನಲ್ಲಿ ಟಿವಿ ಹಿಂದೆ ಇದೆ. ಅದಕ್ಕೆ ನಮ್ಮ ಹಳೇ ರೂಟರ್ ಸೇರಿಸಿದ್ದೇವೆ. ರೂಟರಿನಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿ ನೋಡಿದರೆ 94 ಬರುತ್ತದೆ. ಹಾಲ್‌ನಲ್ಲೇ ಮೊಬೈಲಿನಲ್ಲಿ 40, ಮೇಲಿನ ರೂಮಿನಲ್ಲಿ 12. ಕೇಬಲ್ ಹುಡುಗ ಬಂದು ‘ಡಬ್ಬದವರೆಗೆ ಫುಲ್ ಬರ್ತಿದೆ ಮೇಡಂ’ ಎಂದು ಹೇಳಿ ಹೋದ. ಅಂಗಡಿಯವನು ಆರು ಆಂಟೆನಾದ ರೂಟರ್ ತಗೊಳ್ಳಿ ಎನ್ನುತ್ತಾನೆ. ತಗೊಳ್ಳಲೇ?
— ಓದುಗರು, ಮಂಡ್ಯ

ಉತ್ತರ: ಸದ್ಯಕ್ಕೆ ಪರ್ಸ್ ತೆಗೆಯಬೇಡಿ. ನನಗೆ ಬೇಕಾಗಿದ್ದ ಅಂಕಿಯನ್ನು ನೀವೇ ಬರೆದಿದ್ದೀರಿ. 94.

ವೈರ್ ಹಾಕಿದಾಗ 93, 94 ಬಂದು, ಎಷ್ಟು ಸಲ ನೋಡಿದರೂ ಅದರ ಮೇಲೆ ಏಳುವುದಿಲ್ಲ ಎಂದರೆ ದಾರಿಯಲ್ಲಿ ಎಲ್ಲೋ ಒಂದು ಪೋರ್ಟ್, ಅಂದರೆ ವೈರ್ ಚುಚ್ಚುವ ಕಿಂಡಿ, 100 ಎಂಬಿಪಿಎಸ್‌ನಲ್ಲೇ ಓಡುತ್ತಿದೆ ಎಂದೇ ಅರ್ಥ. ಆ 100ರಲ್ಲಿ ಐದಾರು ಹೋಗುವುದು ವಿಳಾಸದ ಖರ್ಚಿಗೆ. ನಾವು ಕಳಿಸುವ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ಚೀಟಿ ಇರಬೇಕು. ಆ ಚೀಟಿಗಳೂ ಜಾಗ ತಿನ್ನುತ್ತವೆ, ಅಲ್ವಾ? ಹಾಗಾಗಿ 100ರ ಪೋರ್ಟಿನಲ್ಲಿ 94, ಗಿಗಾಬಿಟ್ ಅಂದರೆ 1000ದ ಪೋರ್ಟಿನಲ್ಲಿ ಸುಮಾರು 940.

ನೀವು ಮಂಡ್ಯದವರು. ನಿಮಗೆ ನಾಲೆ ಲೆಕ್ಕ ನಾನು ಹೇಳಿಕೊಡಬೇಕಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೂ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ನೀರು. ನಿಮ್ಮ ಮನೆಯ ತೂಬು ಆ ಹಳೇ ರೂಟರ್ ಎಂದು ನನ್ನ ಗುಮಾನಿ. ‘300’ ಎಂದು ಮೈಮೇಲೆ ಬರೆದುಕೊಂಡು ಬಂದ ಹಳೇ ರೂಟರುಗಳ ಹಿಂದೆ ಇರುವುದು ಸಾಮಾನ್ಯವಾಗಿ 100ರ ಪೋರ್ಟುಗಳೇ. ಇನ್ನೂ ತಮಾಷೆ ಎಂದರೆ, ‘ಎಸಿ 1200’ ಎಂದು ಬರೆದ ಕೆಲವು ರೂಟರುಗಳಲ್ಲೂ ಪೋರ್ಟ್ 100ರದ್ದೇ. ಆ 1200 ಎಂಬುದು ಒಳಗಿನ ಎರಡು ವೈಫೈ ರೇಡಿಯೋಗಳ ಗರಿಷ್ಠ ವೇಗ, 867 ಮತ್ತು 300, ಕೂಡಿಸಿ ಮೇಲಕ್ಕೆ ದುಂಡು ಮಾಡಿದ್ದು. ಬಾಗಿಲು ಎಷ್ಟು ದೊಡ್ಡದಾದರೇನು, ಒಳಗೆ ಬರುವ ಗಲ್ಲಿಯೇ ಇಕ್ಕಟ್ಟು.

ಖಾತ್ರಿ ಮಾಡಿಕೊಳ್ಳಲು ಹತ್ತು ನಿಮಿಷ ಸಾಕು. ಹಳೇ ರೂಟರನ್ನು ಬಿಡಿಸಿ ಪಕ್ಕಕ್ಕಿಡಿ. ಲ್ಯಾಪ್‌ಟಾಪಿನ ವೈರನ್ನು ನೇರ ಕಂಪನಿ ಡಬ್ಬಕ್ಕೆ ಚುಚ್ಚಿ. ಕೆಲವು ಡಬ್ಬಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ‘ಜಿಇ’ (ಗಿಗಾಬಿಟ್) ಎಂದು ಬರೆದಿದ್ದರೆ ಅದಕ್ಕೇ ಹಾಕಿ, ‘ಎಫ್‌ಇ’ಗೆ (100ರದ್ದು) ಬೇಡ. ಈಗ ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಎಂದಿದ್ದು, ಸ್ಪೀಡ್ ಟೆಸ್ಟಿನಲ್ಲಿ 280, 290 ಬಂದರೆ ಹಳೇ ರೂಟರಿಗೆ ನಿವೃತ್ತಿ. ಈಗಲೂ 100 ಎಂದೇ ತೋರಿಸಿದರೆ ಲ್ಯಾಪ್‌ಟಾಪಿನ ಪೋರ್ಟೇ 100ರದ್ದಿರಬಹುದು. ಇಲ್ಲವಾದರೆ ವೈರ್.

ವೈರ್ ಎಂದಾಗ ನನ್ನ ಮಾನ ಹೋದ ಕಥೆಯೊಂದನ್ನು ಹೇಳಲೇಬೇಕು. ಮೂವತ್ತು ವರ್ಷ ಟೆಲಿಫೋನ್ ಕೇಬಲ್ ಬೆಸೆದುಕೊಂಡೇ ಸಂಬಳ ತಿಂದವನು ನಾನು. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ 200 ಹೋಗಿ 94 ಆಯಿತು. ಪ್ಲಾನ್ ಕೊಟ್ಟವರ ಮೇಲೆ ಒಂದಾದ ಮೇಲೊಂದು ಕಂಪ್ಲೇಂಟು ಕೊಟ್ಟೆ. ಪಾಪ, ಆ ಹುಡುಗರು ಎರಡು ಸಲ ಬಂದು ನೋಡಿ ಹೋದರು. ಮೂರನೇ ವಾರ ಸಜ್ಜೆ ಮೇಲೆ ಹತ್ತಿ ಕೇಬಲ್ ಎಳೆದು ನೋಡಿದರೆ, ಬೂದು ಸಿಪ್ಪೆ ಒಂದು ಕಡೆ ಸುಲಿದಿದೆ. ಒಳಗಿನ ಕಂದು ವೈರ್ ತುಂಡಾಗಿದೆ. ಅಳಿಲಿನ ಹಲ್ಲು! ಆ ಕೇಬಲಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡೇ ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಕೈಕೊಟ್ಟರೆ ಎರಡೂ ಕಡೆಯ ಮೆಷಿನ್ನುಗಳು ಮಾತಾಡಿಕೊಂಡು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ನೆಟ್ ಬರುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ‘ಅಟ್ಟದ ಮೇಲೆ ಅಳಿಲು ಓಡಾಡ್ತಿದೆ ಅಂತ ಬಡ್ಕೊಂಡೆ, ಕೇಳಿದ್ರಾ?’ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಇನ್ನು ಮೊಬೈಲಿನ 40. ಅದಕ್ಕೆ ಕಾರಣ ಬೇರೆ. ನಿಮ್ಮ ಮೊಬೈಲು 2.4 ಗಿಗಾಹರ್ಟ್ಜ್ ಬ್ಯಾಂಡ್, ಅಂದರೆ ವೈಫೈಯ ಎರಡು ದಾರಿಗಳಲ್ಲಿ ಇಕ್ಕಟ್ಟಿನದನ್ನು ಹಿಡಿದಿದೆ. ಸಾಧಾರಣ ಮೊಬೈಲಿಗೆ ಅಲ್ಲಿ ಹೆಸರಿಗೆ ಸಿಗುವುದು 72, ಕೈಗೆ ಸಿಗುವುದು 40, 50. ಯಾಕೆಂದರೆ ವೈಫೈಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಮಾತಾಡಿದ ಮೇಲೆ ‘ಸಿಕ್ಕಿತು’ ಎಂಬ ಉತ್ತರಕ್ಕೆ ಕಾಯಬೇಕು. ಪಕ್ಕದ ಮನೆಯವರ ವೈಫೈ ಮಾತಾಡುತ್ತಿದ್ದರೂ ಸುಮ್ನೆ ಇರಬೇಕು. ಅರ್ಧ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಅದೇ 5 ಗಿಗಾಹರ್ಟ್ಜ್‌ನಲ್ಲಿ ದಾರಿ ಅಗಲ. ಎರಡು ಆಂಟೆನಾದ ಮೊಬೈಲಿಗೆ ಹೆಸರಿಗೆ 867, ಹತ್ತಿರದಲ್ಲಿದ್ದರೆ ಕೈಗೆ 400ಕ್ಕೂ ಮೇಲೆ. ನಿಮ್ಮ 300 ಅದರಲ್ಲಿ ಆರಾಮಾಗಿ ಹಿಡಿಸುತ್ತದೆ.

ಕಂಪನಿ ಡಬ್ಬದಲ್ಲೇ 5 ಗಿಗಾಹರ್ಟ್ಜ್ ವೈಫೈ ಇದೆಯೇ ಎಂದು ಕೇಳಿ. ಇದ್ದರೆ ಹೊಸ ರೂಟರೇ ಬೇಡ. ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರಿಡಿ, ಮೊಬೈಲು, ಟಿವಿ ಎಲ್ಲವನ್ನೂ 5ಕ್ಕೆ ಸೇರಿಸಿ. ಇಲ್ಲದಿದ್ದರೆ ಮಾತ್ರ ಅಂಗಡಿಗೆ ಹೋಗಿ. ಆಂಟೆನಾ ಎಣಿಸಬೇಡಿ. ‘ಎಲ್ಲಾ ಪೋರ್ಟೂ ಗಿಗಾಬಿಟ್ಟಾ?’ ಎಂದು ಕೇಳಿ, ರೂಟರಿನ ಪ್ಯಾಕಿನ ಮೇಲೆ ಬರೆದಿದ್ದನ್ನು ನೀವೇ ಓದಿ. ಆರು ಕೊಂಬಿದ್ದರೂ ಪೋರ್ಟ್ 100ರದ್ದಾದರೆ ನಿಮಗೆ ಮತ್ತದೇ 94.

ಮತ್ತೆ, ವೈಫೈ ಕೊಡುವುದು ಕಂಪನಿ ಡಬ್ಬವಿರಲಿ, ಹೊಸ ರೂಟರಿರಲಿ, ಅದನ್ನು ಟಿವಿ ಹಿಂದಿನಿಂದ ಆಚೆ ತೆಗೆಯಿರಿ. ಟಿವಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಇವುಗಳ ಹಿಂದಿಟ್ಟರೆ ಸಿಗ್ನಲ್ ಅಲ್ಲೇ ಸಾಯುತ್ತದೆ. ದಸರಾದಲ್ಲಿ ಪಟ್ಟದ ಬೊಂಬೆಯನ್ನು ಎಲ್ಲರಿಗೂ ಕಾಣುವಂತೆ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತೀರಲ್ಲ, ರೂಟರಿಗೂ ಅದೇ ಜಾಗ. ಬೇಕಾದರೆ ಪಕ್ಕದಲ್ಲಿ ಬೊಂಬೆ ಇಡಿ, ಮುಂದೆ ಬೇಡ.

ಮೇಲಿನ ರೂಮಿನ ವಿಷಯದಲ್ಲಿ ಮಾತ್ರ ವೈಫೈಯನ್ನು ನಂಬಬೇಡಿ. ಕಾಂಕ್ರೀಟ್ ತಾರಸಿ, ಅದರೊಳಗೆ ಕಬ್ಬಿಣದ ಜಾಲರಿ. 5 ಗಿಗಾಹರ್ಟ್ಜ್ ಅದನ್ನು ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಸಾಕೆಟ್ಟಿಗೆ ಚುಚ್ಚುವ ರಿಪೀಟರ್ ತರೋಣವೇ ಎಂದು ಮಗ ಕೇಳಬಹುದು. ಒಂದೇ ರೇಡಿಯೋ ಇರುವ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕು, ಅಲ್ಲಿಗೆ ವೇಗ ಅರ್ಧ. ನನ್ನ ಮಾತು ಕೇಳಿ, ಹಾಲ್‌ನಿಂದ ಮೇಲಕ್ಕೆ ಒಂದು ಕ್ಯಾಟ್ 6 ವೈರ್ ಎಳೆಸಿ. ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. 100 ಮೀಟರ್‌ವರೆಗೂ ಈ ವೈರ್ ವೇಗ ಬಿಟ್ಟುಕೊಡುವುದಿಲ್ಲ, ನಿಮಗೆ 20 ಮೀಟರ್ ಸಾಕಾಗಬಹುದು. ಮಗನ ಲ್ಯಾಪ್‌ಟಾಪ್‌ಗೆ ನೇರ ಹಾಕಿದರೆ ಪೂರ್ತಿ 300.

ಮೇಲೆ ವೈಫೈಯೂ ಬೇಕು ಎಂದರೆ ನಿವೃತ್ತಿಯಾದ ಹಳೇ ರೂಟರನ್ನೇ ಅಲ್ಲಿಗೆ ಕರೆಯಿರಿ. ಅದರ ಡಿಎಚ್‌ಸಿಪಿ (ಮೊಬೈಲು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಐಪಿ ವಿಳಾಸ ಕೆಳಗಿನ ಡಬ್ಬದ್ದಕ್ಕಿಂತ ಬೇರೆ ಇಟ್ಟು, ಮೇಲೆ ಬಂದ ವೈರನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಬೇಕು. ಆಗ ಅದರಿಂದ 94ಕ್ಕಿಂತ ಜಾಸ್ತಿ ಬರುವುದಿಲ್ಲ, ನಿಜ. ಆದರೆ ವಿಡಿಯೋ ಮೀಟಿಂಗ್‌ಗೆ ನಾಲ್ಕೈದು ಎಂಬಿಪಿಎಸ್ ಸಾಕು. 300 ಯಾಕೆ ಹಾಕಿಸಿದಿರಿ ಎಂದು ನಾನು ಕೇಳುವುದಿಲ್ಲ ಬಿಡಿ.

ಪ್ರಶ್ನೆ: ನನ್ನದು 100 ಎಂಬಿ ಪ್ಲಾನ್. ಸಿನಿಮಾ ಡೌನ್‌ಲೋಡ್ ಮಾಡುವಾಗ 11 ಎಂಬಿ ಎಂದು ತೋರಿಸುತ್ತದೆ. ಮೋಸ ಅಲ್ಲವೇ?
— ಓದುಗರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಅಲ್ಲ. ಪ್ಲಾನಿನ ಲೆಕ್ಕ ಬಿಟ್‌ಗಳಲ್ಲಿ, ಡೌನ್‌ಲೋಡಿನ ಲೆಕ್ಕ ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 11ನ್ನು ಎಂಟರಿಂದ ಗುಣಿಸಿ, 88 ಆಯಿತು. ನಿಮಗೆ ಸಿಗಬೇಕಾದ್ದು ಹೆಚ್ಚುಕಡಿಮೆ ಸಿಗುತ್ತಿದೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿ. ವೈಫೈ ಪಟ್ಟಿ ತೆಗೆದರೆ ಇಪ್ಪತ್ತು ಹೆಸರು. ರಾತ್ರಿ ಎಂಟಕ್ಕೆ ಎಲ್ಲಾ ನಿಧಾನ. ಹೆಂಡತಿ ಮೈಕ್ರೋವೇವ್ ಹಾಕಿದರಂತೂ ನನ್ನ ಕಾಲ್ ಕಟ್.
— ಓದುಗರು, ವಿಜಯನಗರ, ಮೈಸೂರು

ಉತ್ತರ: ನೀವು 2.4ರಲ್ಲಿದ್ದೀರಿ, ಅಷ್ಟೇ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ. ಇಪ್ಪತ್ತು ಮನೆಯವರು ಅವನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಓವನ್ನೂ 2.45ರಲ್ಲೇ ಅಡುಗೆ ಮಾಡುತ್ತದೆ. 5ಕ್ಕೆ ಹೋಗಿ. ಹೋಗಲಾಗದ ಬಲ್ಬು, ಕ್ಯಾಮೆರಾಗಳನ್ನು ಮಾತ್ರ 2.4ರಲ್ಲಿ ಬಿಡಿ. ಮೈಕ್ರೋವೇವ್ ಹಾಕಬೇಡ ಎಂದು ಮನೆಯಲ್ಲಿ ಹೇಳುವ ಧೈರ್ಯ ನನಗಂತೂ ಇಲ್ಲ.