ಆಡಿಟ್ ಸರ್ಟಿಫಿಕೇಟ್ ಇದೆ, ನೂಲು ತೆಗೆದವರು ಯಾರೆಂದು ಗೊತ್ತೇ?

ಪ್ರಶ್ನೆ: ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಮಕ್ಕಳ ಉಡುಪಿನ ಸಣ್ಣ ಬ್ರ್ಯಾಂಡ್ ನಡೆಸುತ್ತಿದ್ದೇನೆ. ಬಟ್ಟೆ ತಿರುಪ್ಪೂರಿನಿಂದ ಬರುತ್ತದೆ, ಹೊಲಿಗೆ ಪೀಣ್ಯದ ಒಂದು ಯೂನಿಟ್‌ನಲ್ಲಿ. ಈಗ ನೆದರ್ಲೆಂಡ್ಸ್‌ನ ಒಬ್ಬ ಖರೀದಿದಾರರು ‘ನಿಮ್ಮ ಸರಕಿನಲ್ಲಿ ಎಲ್ಲಿಯೂ ಬಲವಂತದ ದುಡಿಮೆ ಇಲ್ಲವೆಂದು ಬರೆದುಕೊಡಿ’ ಎನ್ನುತ್ತಿದ್ದಾರೆ. ಯೂನಿಟ್‌ನವರು ಕೆಲಸಗಾರರ ಸ್ಥಿತಿಗತಿಯ ತಪಾಸಣೆ ಆಗಿದೆಯೆಂಬ ಆಡಿಟ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ನಾನೂ ಹೋಗಿ ನೋಡಿದ್ದೇನೆ, ಯಾರನ್ನೂ ಕೂಡಿಹಾಕಿಲ್ಲ. ಸಹಿ ಹಾಕಬಹುದೇ ಮೇಡಂ?

ಉತ್ತರ: ಈಗಲೇ ಹಾಕಬೇಡಿ. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನೀವು ನೋಡಿ ಬಂದಿರುವುದು ಹೊಲಿಗೆಯನ್ನು ಮಾತ್ರ. ಅವರು ಕೇಳುತ್ತಿರುವುದು ಹತ್ತಿ ಹೊಲದಿಂದ ಗುಂಡಿ ಹಚ್ಚುವವರೆಗಿನ ಲೆಕ್ಕ. ನಡುವೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಇದೆ, ನೂಲು ತೆಗೆಯುವ ಸ್ಪಿನ್ನಿಂಗ್ ಮಿಲ್ ಇದೆ, ಬಟ್ಟೆ ಹೆಣೆಯುವ ನಿಟ್ಟಿಂಗ್, ಬಣ್ಣ ಹಾಕುವ ಡೈಯಿಂಗ್ ಇದೆ. ಅವರು ಕೇಳುವುದಕ್ಕೆ ಕಾರಣವೂ ಇದೆ. ಬಲವಂತದ ದುಡಿಮೆಯ ಸರಕು ಐರೋಪ್ಯ ಒಕ್ಕೂಟದಲ್ಲಿ ಮಾರಾಟವಾಗಕೂಡದು ಎಂಬ ನಿಯಮ 2024ರಲ್ಲಿ ಅಂಗೀಕಾರವಾಗಿದ್ದು, 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ. ಅಮೆರಿಕದಲ್ಲಿ 2022ರ ಜೂನ್‌ನಿಂದಲೇ, ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿ ಸೇರಿರುವ ಬಟ್ಟೆಯನ್ನು ಬಲವಂತದ ದುಡಿಮೆಯದ್ದೆಂದೇ ಹಿಡಿದು ತಡೆಯುತ್ತಾರೆ. ಅಲ್ಲವೆಂದು ರುಜುವಾತು ಮಾಡಬೇಕಾದದ್ದು ಆಮದು ಮಾಡಿಕೊಂಡವರು.

‘ಯಾರನ್ನೂ ಕೂಡಿಹಾಕಿಲ್ಲ’ ಎಂದಿರಿ. ನಮ್ಮ ಹಳ್ಳಿಗಳ ಜೀತವನ್ನು ನೆನಪಿಸಿಕೊಳ್ಳಿ. ಜೀತದಾಳು ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗುತ್ತಿದ್ದ, ಜಾತ್ರೆಗೂ ಹೋಗಿ ಬರುತ್ತಿದ್ದ. ಕಾಲಿಗೆ ಸಂಕೋಲೆ ಇರಲಿಲ್ಲ. ಮದುವೆಗೋ ತಿಥಿಗೋ ತಂದ ಸಾಲ ಅವನನ್ನು ಕಟ್ಟಿಹಾಕಿತ್ತು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ನೋಡುವುದೂ ಆ ಸಾಲವನ್ನೇ, ಮುಂಗಡವನ್ನೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲಿ ಕೊಟ್ಟ ವ್ಯಾಖ್ಯೆಯೂ ಹೀಗೇ ಇದೆ: ಯಾವುದೋ ಶಿಕ್ಷೆಯ ಭಯ ತೋರಿಸಿ, ತಾನಾಗಿ ಒಪ್ಪದವರಿಂದ ಮಾಡಿಸಿಕೊಳ್ಳುವ ಕೆಲಸ. ಶಿಕ್ಷೆ ಎಂದರೆ ಹೊಡೆತವೇ ಆಗಬೇಕಿಲ್ಲ. ‘ಈಗ ಬಿಟ್ಟರೆ ಎರಡು ತಿಂಗಳ ಸಂಬಳ ಸಿಗಲ್ಲ’ ಎಂಬುದೂ ಶಿಕ್ಷೆಯೇ. ಹಾಗಾಗಿ ಎಲ್ಲಿಗೆ ಹೋದರೂ ನಾನು ಮೊದಲು ಕೇಳುವುದು ಇಷ್ಟು: ಈ ಹೆಣ್ಣುಮಗಳು ನಾಳೆ ಬೆಳಿಗ್ಗೆ ಕೆಲಸ ಬಿಡುತ್ತೇನೆಂದರೆ ಕಳೆದುಕೊಳ್ಳುವುದೇನು?

ನಿಮ್ಮ ಬಟ್ಟೆ ತಿರುಪ್ಪೂರಿನದಾದ್ದರಿಂದ ಒಂದು ಸಂಗತಿಯನ್ನು ತುಸು ಬಿಡಿಸಿ ಹೇಳಬೇಕು. ತಿರುಪ್ಪೂರು, ಕೊಯಮತ್ತೂರು, ಈರೋಡ್, ದಿಂಡಿಗಲ್ ಸುತ್ತಮುತ್ತಲ ಸ್ಪಿನ್ನಿಂಗ್ ಮಿಲ್‌ಗಳಲ್ಲಿ ‘ಸುಮಂಗಲಿ’ ಎಂಬ ಯೋಜನೆ ವರ್ಷಗಟ್ಟಲೆ ನಡೆಯಿತು. ಏಜೆಂಟ್ ಊರಿಗೆ ಬರುತ್ತಾನೆ. ಹೆಚ್ಚಾಗಿ ದಲಿತ ಕೇರಿಗೇ ಬರುತ್ತಾನೆ. ಹದಿಹರೆಯದ ಹುಡುಗಿಯ ತಂದೆತಾಯಿಗೆ ಹೇಳುತ್ತಾನೆ: ಮೂರು ವರ್ಷ ಮಿಲ್‌ನಲ್ಲಿರಲಿ, ಊಟ, ಹಾಸ್ಟೆಲ್ ನಮ್ಮದು, ಮುಗಿದ ದಿನ ಒಟ್ಟಿಗೆ ದುಡ್ಡು, ಮದುವೆಗಾಗುತ್ತೆ. ಮೊತ್ತ 30 ಸಾವಿರವೋ 50 ಸಾವಿರವೋ ಇರುತ್ತಿತ್ತು. ಆ ದುಡ್ಡು ಮಿಲ್ ಕೊಡುವ ಉಡುಗೊರೆಯಲ್ಲ, ತಿಂಗಳು ತಿಂಗಳು ಅವಳ ಕೈಗೇ ಬರಬೇಕಿದ್ದ ಸಂಬಳ. ಹತ್ತಿಯ ಧೂಳಿನಿಂದ ಕೆಮ್ಮು ಹಿಡಿದು ಮೂವತ್ತನೇ ತಿಂಗಳಿಗೆ ಊರಿಗೆ ಹೊರಟರೆ ಕೈಗೆ ಏನೂ ಸಿಗದು. ಅದು ಗೊತ್ತಿದ್ದೇ ಅವಳು ಕೆಮ್ಮುತ್ತಾ ಉಳಿಯುತ್ತಿದ್ದಳು. ಟೀಕೆ ಜೋರಾದ ಮೇಲೆ ಹೆಸರು ಬದಲಾಯಿತು. ‘ಸುಮಂಗಲಿ ಇಲ್ಲ’ ಎಂದು ಮಿಲ್‌ನವರು ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ಬೋನಸ್, ಡೆಪಾಸಿಟ್, ಸ್ಕಾಲರ್‌ಶಿಪ್ ಹೀಗೆ ಯಾವ ಹೆಸರಿನಲ್ಲಾದರೂ ಕೊನೆಯಲ್ಲಿ ಕೊಡುವ ಇಡಿಗಂಟು ಇದೆಯೇ, ನಡುವೆ ಬಿಟ್ಟವರಿಗೆ ಅದು ಸಿಕ್ಕಿದೆಯೇ, ಎರಡನ್ನೂ ಕೇಳಿ. ಬಿಟ್ಟವರ ಸೆಟ್ಲ್‌ಮೆಂಟ್ ಕಾಗದ ನೋಡದೆ ಬರಬೇಡಿ.

ಹಾಗೆಂದು ನಮ್ಮ ಬೆಂಗಳೂರು ಚೊಕ್ಕಟವಾಗಿದೆ ಎಂದುಕೊಳ್ಳುವುದೂ ಬೇಡ. 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಒಂದು ಮಾತು ಹೇಳಿತು: ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿಯಡಿ ಬಲವಂತದ ದುಡಿಮೆಯೇ. ಬೇರೆ ದಾರಿಯಿಲ್ಲದ ಹಸಿವೂ ಒಂದು ಬಲವಂತ. ಇದನ್ನು ಪಕ್ಕದಲ್ಲಿಟ್ಟುಕೊಂಡು ಕನಿಷ್ಠ ವೇತನದ ಭಾಗವೇ ಆದ ತುಟ್ಟಿಭತ್ಯೆಯ ಕತೆ ನಮ್ಮ ರಾಜ್ಯದಲ್ಲಿ ಏನಾಯಿತು ನೋಡಿ. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ ಹೆಚ್ಚು ಕೊಡಬೇಕಿತ್ತು. ಅನೇಕ ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕೊಡಿ ಎಂದ ಮೇಲೂ ಕೊಡಲಿಲ್ಲ. ಬಾಕಿ ದೊಡ್ಡ ಪ್ರಮಾಣದಲ್ಲಿ ಚುಕ್ತಾ ಆಗತೊಡಗಿದ್ದು 2022ರಲ್ಲಿ, ಸಂಘಟನೆಗಳು ಬೆನ್ನುಬಿಡದೆ ವಿದೇಶಿ ಬ್ರ್ಯಾಂಡ್‌ಗಳನ್ನು ಕೇಳಿದ ಮೇಲೆ. ಅಷ್ಟೂ ದಿನ ಆ ಬಟ್ಟೆಗಳು ಆಡಿಟ್ ಆದ ಕಾರ್ಖಾನೆಗಳಿಂದಲೇ ಹಡಗು ಹತ್ತುತ್ತಿದ್ದವು.

ಆಡಿಟ್ ಹೇಗೆ ನಡೆಯುತ್ತದೆಂದು ನಾನು ಒಳಗಿದ್ದು ಕಂಡಿದ್ದೇನೆ. ಒಂದು ಕಾರ್ಖಾನೆಯಲ್ಲಿ ಏಳು ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಿದೆ. ಏಳೂ ಜನ ಒಂದೇ ವಾಕ್ಯವನ್ನು ಒಂದೇ ಧಾಟಿಯಲ್ಲಿ ಒಪ್ಪಿಸಿದರು: ‘ಎಂಟು ಗಂಟೆ ಕೆಲಸ, ಭಾನುವಾರ ರಜ, ಏನೂ ತೊಂದರೆ ಇಲ್ಲ.’ ಹಾಜರಿ ಪುಸ್ತಕ ಹಾಗೆಯೇ ಇತ್ತು, ಎಲ್ಲರೂ 9ಕ್ಕೆ ಒಳಗೆ, 5.30ಕ್ಕೆ ಹೊರಗೆ. ಆಮೇಲೆ ಮುರಿದ ಸೂಜಿಯ ರಿಜಿಸ್ಟರ್ ತರಿಸಿದೆ. ಸೂಜಿಯ ಚೂರು ಬಟ್ಟೆಯಲ್ಲಿ ಉಳಿಯಬಾರದೆಂದು, ಮುರಿದಾಗ ತುಂಡುಗಳನ್ನೆಲ್ಲ ಹುಡುಕಿ, ಟೇಪ್‌ನಿಂದ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ದಿನಾಂಕ, ವೇಳೆ, ಮೆಷಿನ್ ನಂಬರ್ ಬರೆಯುತ್ತಾರಲ್ಲ, ಅದು. ರಜೆಯೆಂದಿದ್ದ ಭಾನುವಾರದ ಪುಟದಲ್ಲಿ ಮೂರು ಸೂಜಿಗಳಿದ್ದವು. ಒಂದು ಮುರಿದದ್ದು ರಾತ್ರಿ 9.40ಕ್ಕೆ. ಹಾಜರಿ ಪುಸ್ತಕವನ್ನು ತಿದ್ದಿದವರಿಗೆ ಸೂಜಿ ಪುಸ್ತಕ ನೆನಪಾಗಿರಲಿಲ್ಲ.

ಆದ್ದರಿಂದ ನೀವು ಮಾಡಬೇಕಾದದ್ದು: ಮುಂದಿನ ಆರ್ಡರ್‌ನಿಂದಲೇ ಬಟ್ಟೆ ಕೊಡುವವರಿಂದ ನೂಲಿನ ಬಿಲ್ ಕೇಳಿ. ಯಾವ ಮಿಲ್, ಯಾವ ಲಾಟ್ ಎಂದು ಅದರಲ್ಲಿರುತ್ತದೆ. ಮೊದಲ ಸಲ ‘ಅದೆಲ್ಲ ಯಾರೂ ಕೇಳಲ್ಲ ಮೇಡಂ’ ಎನ್ನುತ್ತಾರೆ. ಬಿಡಬೇಡಿ, ನೂಲು ಎಲ್ಲಿಯದೆಂದು ಹೇಳದವರ ಬಟ್ಟೆ ಬೇಡ ಎನ್ನಿ. ನಾಲ್ಕೈದು ಕಡೆಯಿಂದ ಚೂರುಚೂರು ಕೊಳ್ಳುವುದನ್ನು ಬಿಟ್ಟು ಒಬ್ಬರ ಬಳಿ ವರ್ಷಪೂರ್ತಿ ಕೊಂಡರೆ ಸಣ್ಣವರ ಮಾತಿಗೂ ತೂಕ ಬರುತ್ತದೆ. ಪೀಣ್ಯದ ಯೂನಿಟ್‌ನವರು ನಿಮ್ಮ ಮಾಲನ್ನು ಜಾಬ್ ವರ್ಕ್‌ಗೆಂದು ಬೇರೆ ಶೆಡ್‌ಗೆ ಕಳಿಸುತ್ತಾರೆಯೇ ನೋಡಿ. ಅಲ್ಲಿರುವ ಮೆಷಿನ್‌ಗಳಲ್ಲಿ ದಿನಕ್ಕೆ ಎಷ್ಟು ಪೀಸ್ ಆಗಬಹುದು, ಬಂದದ್ದೆಷ್ಟು ಎಂದು ನೀವೇ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು ಸ್ವಲ್ಪ ಕಟುವಾಗಬಹುದು. ನೀವು ಕೊಡುವ ರೇಟ್‌ನಲ್ಲಿ ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಓಟಿಗೆ (ಹೆಚ್ಚುವರಿ ಗಂಟೆಗಳ ಕೆಲಸಕ್ಕೆ) ದುಪ್ಪಟ್ಟು ಸಂಬಳ ಹುಟ್ಟುತ್ತದೆಯೇ? ಒಂದು ಫ್ರಾಕ್‌ಗೆ ಎಷ್ಟು ನಿಮಿಷದ ಹೊಲಿಗೆ ಎಂದು ಯೂನಿಟ್‌ನವರೊಂದಿಗೆ ಕೂತು ಲೆಕ್ಕ ಹಾಕಿ, ಕೂಲಿಯ ಭಾಗವನ್ನು ಚೌಕಾಸಿಯಿಂದ ಹೊರಗಿಡಿ. ಶುಕ್ರವಾರ ಡಿಸೈನ್ ಬದಲಿಸಿ ಸೋಮವಾರ ಡೆಲಿವರಿ ಕೇಳಿದರೆ, ಆ ಭಾನುವಾರದ ಸೂಜಿ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಕೊನೆಗೆ, ಸಹಿ. ‘ಎಲ್ಲಿಯೂ ಇಲ್ಲ’ ಎಂದು ಬರೆಯಬೇಡಿ. ಹೊಲಿಗೆಯನ್ನು ನೋಡಿದ್ದೇನೆ, ನೂಲಿನ ಮಿಲ್‌ನ ಹೆಸರು ಇದು, ಇಂಥ ತಿಂಗಳೊಳಗೆ ಅಲ್ಲಿಗೂ ಹೋಗುತ್ತೇನೆ, ಹತ್ತಿಯವರೆಗೆ ಇನ್ನೂ ತಲುಪಿಲ್ಲ ಎಂದು ಬರೆಯಿರಿ. ತಿಳಿದ ಖರೀದಿದಾರರು ಈ ಕಾಗದವನ್ನೇ ಹೆಚ್ಚು ನಂಬುತ್ತಾರೆ.

ಪ್ರಶ್ನೆ: ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ನಮ್ಮಲ್ಲಿ ಒಡಿಶಾ, ಜಾರ್ಖಂಡ್ ಹುಡುಗಿಯರು ಹಾಸ್ಟೆಲ್‌ನಲ್ಲಿದ್ದಾರೆ. ಭಾನುವಾರ ಎರಡು ಗಂಟೆ ಮಾತ್ರ ಹೊರಗೆ ಬಿಡುತ್ತಾರೆ, ಅದೂ ವಾರ್ಡನ್ ಜೊತೆ. ಊರು ಹೊಸದು, ಭಾಷೆ ಬರಲ್ಲ, ಅವರ ಒಳ್ಳೆಯದಕ್ಕೇ ಅಲ್ಲವೇ?

ಉತ್ತರ: ನಿಮಗೆ ಅವರ ಬಗ್ಗೆ ಕಾಳಜಿ ಇರುವುದರಿಂದಲೇ ಕೇಳಿದ್ದೀರಿ. ಆದರೆ ಒಂದು ಹೋಲಿಕೆ ಮಾಡಿ ನೋಡಿ. ಅದೇ ಲೈನ್‌ನಲ್ಲಿ ಪಕ್ಕದ ಮೆಷಿನ್‌ನಲ್ಲಿ ಕೂರುವ ಮಂಡ್ಯದ ಹುಡುಗಿ ಸಂಜೆ ಆರಕ್ಕೆ ಗೇಟ್ ದಾಟಿ ಬಸ್ ಹತ್ತುತ್ತಾಳೆ. ಅವಳನ್ನು ಯಾರೂ ಕಾಯುವುದಿಲ್ಲ. ಹದಿನೆಂಟು ತುಂಬಿದ ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ಗೇಟ್ ಮುಚ್ಚಿದೆ ಎಂದರೆ ಅದು ಸುರಕ್ಷತೆಯಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಹಾಸ್ಟೆಲ್‌ಗಳ ಇಂಥ ಕಟ್ಟುಪಾಡುಗಳನ್ನು 2018ರಲ್ಲಿ ಕಾರ್ಮಿಕ ಹಕ್ಕುಗಳ ಸಂಘಟನೆಗಳ ವರದಿಯೊಂದು ದಾಖಲಿಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪಟ್ಟಿ ಮಾಡಿರುವ ಬಲವಂತದ ದುಡಿಮೆಯ 11 ಲಕ್ಷಣಗಳಲ್ಲಿ ಓಡಾಟಕ್ಕೆ ತಡೆ ಒಂದು, ಹೊರಗಿನವರ ಸಂಪರ್ಕ ತಪ್ಪಿಸುವುದು ಇನ್ನೊಂದು.

ನೀವು ಮ್ಯಾನೇಜರ್ ಅಲ್ಲ, ನಿಯಮ ಬದಲಿಸುವ ಅಧಿಕಾರ ನಿಮಗಿಲ್ಲ, ಗೊತ್ತು. ಆದರೂ ಕೆಲವು ಸಂಗತಿ ನಿಮಗಷ್ಟೇ ಕಾಣುತ್ತವೆ. ಅವರ ಮೂಲ ಅಂಕಪಟ್ಟಿ, ಆಧಾರ್ ಆಫೀಸಿನ ಬೀರುವಿನಲ್ಲಿವೆಯೇ? ಎಟಿಎಂ ಕಾರ್ಡ್ ಅವರ ಕೈಯಲ್ಲೇ ಇದೆಯೇ? ಹೇಳಿ ಕಳಿಸಿದ ಸಂಬಳಕ್ಕೂ ಸ್ಲಿಪ್‌ನಲ್ಲಿರುವ ಸಂಬಳಕ್ಕೂ ವ್ಯತ್ಯಾಸವೆಷ್ಟು? ಒಂದು ಕಡೆ ದೂರು ಪೆಟ್ಟಿಗೆಯ ಮೇಲೆ ಕನ್ನಡ, ಇಂಗ್ಲಿಷ್‌ನಲ್ಲಿ ಸೂಚನೆ ಬರೆದಿದ್ದರು. ಹಾಸ್ಟೆಲ್ ತುಂಬ ಇದ್ದವರು ಒಡಿಯಾ ಓದುವ ಹುಡುಗಿಯರು. ಪೆಟ್ಟಿಗೆ ಖಾಲಿ ಇದ್ದದ್ದನ್ನೇ ‘ದೂರು ಶೂನ್ಯ’ ಎಂದು ವರದಿಯಲ್ಲಿ ಸೇರಿಸಿದ್ದರು. ನಿಮ್ಮಲ್ಲಿ ಒಡಿಯಾ, ಹಿಂದಿ ಬೋರ್ಡ್ ಹಾಕಿಸುವುದು ನಿಮ್ಮ ಕೈಯಲ್ಲಾಗುವ ಕೆಲಸ. ಉಚಿತ ಕಾನೂನು ನೆರವಿನ 15100, ಮಹಿಳಾ ಸಹಾಯವಾಣಿ 181, ಇವೆರಡೂ ಸಂಖ್ಯೆ ಅದರಲ್ಲಿರಲಿ.

ಪ್ರಶ್ನೆ: ಒಂದು ವೇಳೆ ಮಿಲ್‌ನಲ್ಲೋ ಯೂನಿಟ್‌ನಲ್ಲೋ ಇಂಥದ್ದು ಸಿಕ್ಕೇಬಿಟ್ಟರೆ ತಕ್ಷಣ ಆರ್ಡರ್ ರದ್ದು ಮಾಡುವುದೇ ಸರಿಯಲ್ಲವೇ? (ಮೊದಲ ಓದುಗರೇ ಕೇಳಿದ್ದು)

ಉತ್ತರ: ಬೇಡ. ನೀವು ರದ್ದು ಮಾಡಿದ ರಾತ್ರಿಯೇ ಆ ಹುಡುಗಿಯರನ್ನು ಬರಿಗೈಯಲ್ಲಿ ರೈಲು ಹತ್ತಿಸುವ ಸಾಧ್ಯತೆಯೇ ಹೆಚ್ಚು. ನಿಮ್ಮ ಬ್ರ್ಯಾಂಡ್ ಉಳಿಯುತ್ತದೆ, ಅವರ ಬಾಕಿ ಹೋಗುತ್ತದೆ. ನಿಮ್ಮ ಆರ್ಡರ್ ಅಲ್ಲಿರುವಷ್ಟು ದಿನ ಮಾತ್ರ ಮಾಲೀಕರು ನಿಮ್ಮ ಮಾತು ಕೇಳುತ್ತಾರೆ.

ದಿಂಡಿಗಲ್ಲಿನ ಉದಾಹರಣೆ ನೋಡಿ. 2021ರ ಜನವರಿಯಲ್ಲಿ ಅಲ್ಲಿನ ಗಾರ್ಮೆಂಟ್ಸ್ ಒಂದರ ದಲಿತ ಯುವತಿಯ ಕೊಲೆಯಾಯಿತು. ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕ ಸಂಘದ ಹೆಣ್ಣುಮಕ್ಕಳು ಕಾರ್ಖಾನೆಯೊಳಗಿನ ದೌರ್ಜನ್ಯ ನಿಲ್ಲಬೇಕೆಂದು ಪಟ್ಟು ಹಿಡಿದರು. 2022ರ ಏಪ್ರಿಲ್‌ನಲ್ಲಿ ಕಂಪನಿ, ಸಂಘ, ಎಚ್ ಅಂಡ್ ಎಂ ಬ್ರ್ಯಾಂಡ್ ಸೇರಿ ಒಪ್ಪಂದ ಹೊರಬಂತು. ಗ್ಯಾಪ್, ಪಿವಿಎಚ್ ಎಂಬ ಉಡುಪು ಕಂಪನಿಗಳು ಕೂಡ ಆಮೇಲೆ ಸೇರಿದವು. ಕೆಲಸಗಾರ ಮಹಿಳೆಯರೇ ತರಬೇತಿ ಪಡೆದು ಲೈನ್‌ಗಳ ಮೇಲೆ ಕಣ್ಣಿಡುತ್ತಾರೆ, ಕಂಪನಿ ಮಾತಿಗೆ ತಪ್ಪಿದರೆ ಬ್ರ್ಯಾಂಡ್ ವ್ಯವಹಾರದಲ್ಲೇ ಬಿಸಿ ಮುಟ್ಟಿಸಬೇಕು. ಅದೇ ವರ್ಷ ಜುಲೈನಲ್ಲಿ ಅಮೆರಿಕದ ಕಸ್ಟಮ್ಸ್ ಆ ಕಾರ್ಖಾನೆಯ ಸರಕನ್ನು ತಡೆದು, ಒಪ್ಪಂದದಡಿ ಆದ ಸುಧಾರಣೆಯನ್ನು ನೋಡಿ ಸೆಪ್ಟೆಂಬರ್‌ನಲ್ಲಿ ಬಿಟ್ಟಿತು.

ನಿಮ್ಮಷ್ಟು ಸಣ್ಣವರಿಗೆ ಅಂಥ ಒಪ್ಪಂದ ಆಗದ ಮಾತು. ಆದರೆ ಕ್ರಮ ಅದೇ: ಮೊದಲು ತಡೆಹಿಡಿದ ಸಂಬಳ ಅವರ ಖಾತೆಗೆ, ಕಾಗದಪತ್ರ ಅವರ ಕೈಗೆ. ಏಜೆಂಟ್‌ಗೆ ಅವರು ಕೊಟ್ಟ ಕಮಿಷನ್ ಇದ್ದರೆ ಕಾರ್ಖಾನೆಯಿಂದ ವಾಪಸ್, ಅಗತ್ಯಬಿದ್ದರೆ ಒಂದು ಪಾಲು ನೀವೂ ಹಾಕಿ. ದುಡಿಯುತ್ತಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಂದೇ ಕರೆ ಮಾಡಿ. ಸಾಲಕ್ಕೆ ದುಡಿಸುತ್ತಿರುವುದು ಕಂಡರೆ ಅದು ನೀವು ಮಾಲೀಕರೊಂದಿಗೆ ಕೂತು ಬಗೆಹರಿಸುವ ವಿಷಯವೇ ಅಲ್ಲ, ನೇರ ಜಿಲ್ಲಾಧಿಕಾರಿಗೆ ಬರೆಯಿರಿ. ಸಾಲವನ್ನು 1976ರ ಕಾಯ್ದೆಯೇ ರದ್ದು ಮಾಡಿದೆ. ವಿಚಾರಣೆಯಾಗಿ ಜೀತದಿಂದ ಬಿಡುಗಡೆಯಾದ ಪತ್ರ ಅವರ ಕೈಗೆ ಸಿಗುವಂತೆ ನೋಡಿಕೊಳ್ಳಿ. ಪುನರ್ವಸತಿಯ ಹಣಕ್ಕೆ ಆ ಪತ್ರವನ್ನೇ ಕೇಳುತ್ತಾರೆ. ಊರು ಒಡಿಶಾ ಆದರೂ ಪತ್ರ ಕೊಡಬೇಕಾದದ್ದು ದುಡಿಸಿಕೊಂಡ ಜಿಲ್ಲೆಯ ಆಡಳಿತ. ಆದ್ದರಿಂದ ಅವರು ರೈಲು ಹತ್ತುವ ಮೊದಲೇ ಅದು ಆಗಬೇಕು.