ವಿಂಡೋಸ್‌ನಲ್ಲಿ ಸರಿ, ಲಿನಕ್ಸ್‌ನಲ್ಲಿ ಯಾಕೆ ತಕರಾರು?

ಪ್ರಶ್ನೆ: ಭೋಸರಿಯ ಒಂದು ವರ್ಕ್‌ಶಾಪ್‌ಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಸ್ಟಾಕ್ ಲೆಕ್ಕದ ಪ್ರೋಗ್ರಾಂ ಬರೆದಿದ್ದೇನೆ. ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋದಿಂದ ಚೆನ್ನಾಗಿ ಬಿಲ್ಡ್ ಆಗುತ್ತದೆ. ಲಿನಕ್ಸ್‌ನಲ್ಲಿ ಜಿಸಿಸಿ (ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಕಂಪೈಲರ್) ಮಾತ್ರ ಹೆಡರ್ ಫೈಲ್ (ಕೋಡ್ ಒಳಗೆ ಸೇರಿಸಿಕೊಳ್ಳುವ ಫೈಲ್) ಇಲ್ಲ ಅನ್ನುತ್ತದೆ, ಫೈಲ್ ಅಲ್ಲೇ ಇದೆ! ಎರಡಕ್ಕೂ ಬೇರೆ ಬೇರೆ ಬಿಲ್ಡ್ ಫೈಲ್ ಇಡಬೇಕಾ ಸರ್?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಬೇಡ, ಖಂಡಿತ ಬೇಡ. ಎರಡು ಇಟ್ಟರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಗ್ಯಾರಂಟಿ.

ಮೊದಲು ಹೆಡರ್ ಹೆಸರಿನ ಅಕ್ಷರ ನೋಡಿ. ಕೋಡ್‌ನಲ್ಲಿ ಸಣ್ಣ ಎಸ್, ಡಿಸ್ಕ್‌ನಲ್ಲಿ ದೊಡ್ಡ ಎಸ್ ಇದ್ದರೂ ವಿಂಡೋಸ್ ಸಾಮಾನ್ಯವಾಗಿ ಸುಮ್ನೆ ಒಪ್ಪಿಕೊಳ್ಳುತ್ತದೆ, ಲಿನಕ್ಸ್ ಒಪ್ಪಲ್ಲ. ಇನ್‌ಕ್ಲೂಡ್ ಸಾಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಇದ್ದರೆ ಫಾರ್ವರ್ಡ್ ಸ್ಲ್ಯಾಶ್ ಮಾಡಿ, ಅದು ಎರಡೂ ಕಡೆ ನಡೆಯುತ್ತದೆ.

ಬಿಲ್ಡ್‌ಗೆ ಸಿಮೇಕ್ ಅನ್ನುವ ಟೂಲ್ ಹಿಡಿಯಿರಿ. ಅದು ಕಂಪೈಲರ್ ಅಲ್ಲ. ನೀವು ಬರೆದ ಒಂದೇ ಫೈಲ್‌ನಿಂದ ಲಿನಕ್ಸ್‌ನಲ್ಲಿ ಮೇಕ್‌ಫೈಲ್ (ಬಿಲ್ಡ್ ಸೂಚನೆಗಳ ಫೈಲ್), ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋ ಪ್ರಾಜೆಕ್ಟ್ ತಯಾರಿಸಿಕೊಡುತ್ತದೆ. ಆದರೆ ಕಂಪೈಲರ್‌ಗೆ ಕೊಡುವ ಆಪ್ಷನ್‌ಗಳನ್ನು 'ವಿಂಡೋಸ್ ಆದರೆ ಹೀಗೆ' ಅಂತ ಬರೆಯಬೇಡಿ. 'ಕಂಪೈಲರ್ ಇದಾದರೆ ಹೀಗೆ' ಅಂತ ಬರೆಯಿರಿ, ಯಾಕೆಂದರೆ ವಿಂಡೋಸ್‌ನಲ್ಲೂ ಜಿಸಿಸಿ, ಕ್ಲ್ಯಾಂಗ್ ಓಡುತ್ತವೆ ಅಲ್ವಾ? ಸಿ ಪ್ಲಸ್ ಪ್ಲಸ್ 17 ಬೇಕು ಅನ್ನುವುದನ್ನೂ ಸಿಮೇಕ್‌ಗೇ ಹೇಳಿ, ಸರಿಯಾದ ಆಪ್ಷನ್ ಅದೇ ಹಾಕುತ್ತದೆ.

ಇನ್ನೊಂದು, ಇದು ಜಾಸ್ತಿ ಅಪಾಯದ್ದು, ಎರರ್ ಕೂಡ ಬರದೆ ಹೋಗಬಹುದು: 64 ಬಿಟ್ ಲಿನಕ್ಸ್‌ನಲ್ಲಿ 'ಲಾಂಗ್' ಅನ್ನುವ ಪೂರ್ಣಾಂಕದ ಟೈಪ್ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್ ಮಾತ್ರ. ಸ್ಟಾಕ್ ಲೆಕ್ಕವನ್ನು ಲಾಂಗ್‌ನಲ್ಲೇ ಬೈನರಿ ಫೈಲ್‌ಗೆ ಉಳಿಸಿದ್ದರೆ ಇನ್ನೊಂದು ಕಡೆ ಓದುವಾಗ ಅಂಕಿಗಳೇ ಬದಲಾಗುತ್ತವೆ. ಅಲ್ಲೆಲ್ಲ 'ಇಂಟ್64 ಅಂಡರ್‌ಸ್ಕೋರ್ ಟಿ' (int64_t) ಬಳಸಿ, ಅದು ಎರಡೂ ಕಡೆ 8 ಬೈಟೇ.