ಮೃಗಾಲಯದ ಕೊಲೆ ಕತೆ: ಹುಲಿ ಕೊಂದಿಲ್ಲವೆಂದು ಪತ್ತೆಯಾಗುವುದು ಹೇಗೆ?

ಬೆಳಗಾವಿ ಸಮೀಪದ ಭೂತರಾಮನಹಟ್ಟಿ ಮೃಗಾಲಯದಂಥ ಜಾಗದಲ್ಲಿ ನೀವು ಬರೆಯುತ್ತಿರುವ ಕತೆ ನಡೆಯುತ್ತದೆ, ಹುಲಿಯ ಆವರಣದಲ್ಲಿ ಹೆಣ ಸಿಗುತ್ತದೆ. ಕೊಲೆ ಎಂದು ಬಯಲಾಗುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಗಾಯದಿಂದಲೇ ಶುರು ಮಾಡಿ. ಹುಲಿ ಸಾಮಾನ್ಯವಾಗಿ ಕುತ್ತಿಗೆ ಇಲ್ಲವೇ ಗಂಟಲಿಗೇ ಬಾಯಿ ಹಾಕುತ್ತದೆ. ಜೀವವಿದ್ದಾಗ ಕಚ್ಚಿದ್ದರೆ ಗಾಯದ ಸುತ್ತಲ ಮಾಂಸದೊಳಗೆ ರಕ್ತ ಇಳಿದು ಹೆಪ್ಪುಗಟ್ಟಿರುತ್ತದೆ. ಸತ್ತು ಬಹಳ ಹೊತ್ತಾದ ಮೇಲೆ ಕಚ್ಚಿದ್ದರೆ ಅಂಚು ಬಿಳಿಚಿಕೊಂಡು ಒಣಗಿದಂತಿರುತ್ತದೆ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರಿಗೆ ಈ ಒಂದೇ ಸುಳಿವು ಸಾಕು. ಆದರೆ ಸತ್ತ ಕೂಡಲೇ ಆದ ಗಾಯದಲ್ಲಿ ವ್ಯತ್ಯಾಸ ಅಷ್ಟು ಸ್ಪಷ್ಟವಿರುವುದಿಲ್ಲ. ಅನುಮಾನಕ್ಕೆ ಅಲ್ಲೇ ಜಾಗ ಇಟ್ಟುಕೊಳ್ಳಿ.

ಇನ್ನು ಬಾಗಿಲು. ಹುಲಿಯನ್ನು ರಾತ್ರಿ ಒಳಕೋಣೆಗೆ ಸೇರಿಸಿ, ಮಧ್ಯದ ಜಾರುಬಾಗಿಲು ಇಳಿಸಿ ಬೀಗ ಹಾಕಿದ ಮೇಲಷ್ಟೇ ಸಿಬ್ಬಂದಿ ಬಯಲಿಗೆ ಇಳಿಯುತ್ತಾರೆ. ಆ ಬಾಗಿಲನ್ನು ಎತ್ತುವ ಹಿಡಿಕೆ ಇರುವುದು ಪ್ರಾಣಿಯ ಕೈಗೆಟುಕದ ಸಿಬ್ಬಂದಿ ಓಣಿಯಲ್ಲಿ. ಹೆಣ ಬಯಲಿನಲ್ಲಿದ್ದು ಬಾಗಿಲು ಎತ್ತಿದ್ದರೆ, ಎತ್ತಿದವರು ಬೇರೆ ಯಾರೋ. ಯಾರು ಯಾವಾಗ ಕೀಲಿ ಪಡೆದರೆಂದು ಬರೆದಿಡುವ ಕೀಲಿ ಪುಸ್ತಕ, ಆಹಾರದ ದಾಖಲೆ ಎರಡೂ ಕತೆಗೆ ಬಂಗಾರ. ಬಹಳಷ್ಟು ಮೃಗಾಲಯಗಳಲ್ಲಿ ಹುಲಿ, ಸಿಂಹಗಳಿಗೆ ವಾರಕ್ಕೊಂದು ಉಪವಾಸದ ದಿನವಿರುತ್ತದೆ. ಅಂದು ಮಾಂಸ ಹಾಕಿದೆ ಎಂದ ಪಾತ್ರ ಸಿಕ್ಕಿಬಿದ್ದ ಹಾಗೇ.

ಹೆಚ್ಚಿನವರು ಎಡವುವುದು ಅರಿವಳಿಕೆ ಬಂದೂಕಿನಲ್ಲಿ. ಸೂಜಿ ತಾಗಿದ ಕ್ಷಣವೇ ಹುಲಿ ಬೀಳುವುದು ಸಿನಿಮಾದಲ್ಲಿ ಮಾತ್ರ. ಕೆಟಮಿನ್–ಜೈಲಜಿನ್ ಎಂಬ ಅರಿವಳಿಕೆ ಔಷಧಗಳ ಮಿಶ್ರಣಕ್ಕೂ ಸಾಮಾನ್ಯವಾಗಿ 5ರಿಂದ 15 ನಿಮಿಷ ಬೇಕು, ಗಾಬರಿಗೊಂಡ ಪ್ರಾಣಿಗೆ ಇನ್ನೂ ಹೆಚ್ಚು. ಕತೆ 2024ರ ಜುಲೈ 1ರ ನಂತರದ್ದಾದರೆ ಪೊಲೀಸ್ ಪಾತ್ರದ ಬಾಯಲ್ಲಿ ಕೊಲೆಗೆ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) 302ನೇ ಸೆಕ್ಷನ್ ಬೇಡ, ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 103 ಬರಲಿ.